ಮನೆಗೆ ಬೀಗ ಹಾಕಿತ್ತು

ನನಗೆ ಜಗಳವೆಂದರೆ ಇಷ್ಟ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೂತು, ಜನ ಕಳಿಸಿದ ಅರ್ಜಿಗಳಲ್ಲಿ ಕೊಂಕು ಹುಡುಕಿ ವಾಪಸು ಕಳಿಸುವುದರಲ್ಲೇ ತಲೆಗೂದಲು ಬೆಳ್ಳಗಾದವಳು ನಾನು. ಕಂಪನಿಯೊಂದು ಗಿರಾಕಿಗೆ ಹೇಗೆ ಟೋಪಿ ಹಾಕುತ್ತದೆ ಎಂಬುದು ನನಗೆ ಒಳಗಿನಿಂದಲೇ ಗೊತ್ತು. ಚಿಲ್ಲರೆ ಕೊಡದ ಕಂಡಕ್ಟರ್, ತೂಕದಲ್ಲಿ ಹೊಡೆಯುವ ತರಕಾರಿಯವನು, ಮೀಟರಿನ ಮೇಲೆ ಕೇಳುವ ಆಟೋದವನು, ಯಾರನ್ನೂ ಸುಮ್ಮನೆ ಬಿಟ್ಟವಳಲ್ಲ. ನಮ್ಮ ಯಜಮಾನರು ಕೃಷ್ಣಸ್ವಾಮಿ ನನ್ನ ಜೊತೆ ಅಂಗಡಿಗೆ ಬಂದರೆ ಸ್ವಲ್ಪ ದೂರ ನಿಂತು, ಈ ಹೆಂಗಸು ಯಾರೋ ಏನೋ ಎಂಬಂತೆ ಆಕಾಶ ನೋಡುತ್ತಿದ್ದರು.

ಹಾಗಾಗಿ 2004ರ ಮೇ ತಿಂಗಳಲ್ಲಿ ಫಹ್ಮಿದಾಳ ಫೋನ್ ಬಿಲ್ಲಿನ ವಿಷಯ ಕಿವಿಗೆ ಬಿದ್ದಾಗ, ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಹುರುಪು ಬಂದಿತ್ತು.

ಫಹ್ಮಿದಾ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು. ಟೈಪಿಸ್ಟ್ ಆಗಿ ಸೇರಿ, ಕ್ಲರ್ಕ್ ಆಗಿ, ನನ್ನ ಎಲ್ಲ ಸಿಟ್ಟುಗಳನ್ನೂ ತಣ್ಣಗೆ ನೋಡಿ ನಕ್ಕವಳು. ನಾನು ತಂದ ಅವಲಕ್ಕಿಯನ್ನು ಅವಳು, ಅವಳು ತಂದ ಸೇಮಿಗೆಯನ್ನು ನಾನು ತಿಂದು ಹದಿನೈದು ವರ್ಷ ಕಳೆದಿದ್ದವು. ಅವಳ ಗಂಡ ವಾಜಿದ್‌ಗೆ ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಗುಂಡಿ, ಲೇಸು, ಝರಿ ಅಂಚು ಮಾರುವ ಪುಟ್ಟ ಅಂಗಡಿ. ನನ್ನ ರವಿಕೆಗಳಿಗೆಲ್ಲ ಅಲ್ಲಿಂದಲೇ ಗುಂಡಿ. ದುಡ್ಡು ಕೊಡಲು ಹೋದರೆ "ಜಗಳ ಆಡ್ಬೇಡಿ ಮೇಡಂ, ನಂಗೆ ಭಯ ಆಗತ್ತೆ" ಎಂದು ಎರಡೂ ಕೈ ಎತ್ತಿಬಿಡುತ್ತಿದ್ದ. ಆ ವರ್ಷ ಫೆಬ್ರವರಿಯಲ್ಲಿ, ಯಾವಳೋ ಗಿರಾಕಿಗೆ ಲೇಸು ಅಳೆದು ಕೊಡುತ್ತಿದ್ದವನು ಸ್ಟೂಲಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಇನ್ನೂ ಐವತ್ತು ತುಂಬಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ಆ ಮನೆಯಲ್ಲಿ ಇದ್ದದ್ದೇ ಮೂವರು. ಈಗ ಉಳಿದವರು ಫಹ್ಮಿದಾ ಮತ್ತು ಅವಳ ಅತ್ತೆ ಖೈರುನ್ನಿಸಾ. ಅತ್ತೆಯನ್ನು ಅವಳೂ ಅಮ್ಮಿ ಅನ್ನುತ್ತಿದ್ದಳು, ಗಲ್ಲಿಯವರೂ ಅಮ್ಮಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಅವರಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುತ್ತಾಳೆ. ಇದ್ದತ್ ಅನ್ನುತ್ತಾರೆ. ಪರ ಗಂಡಸರ ಎದುರು ಬರುವುದಿಲ್ಲ, ಹೊಸ ಬಟ್ಟೆಯಿಲ್ಲ, ಅಲಂಕಾರವಿಲ್ಲ. ಇದನ್ನು ಕೇಳಿ ನಾನು ಸುಮ್ಮನಿರುತ್ತೇನೆಯೇ? "ಇದೆಲ್ಲಾ ಯಾಕೆ ಫಹ್ಮಿದಾ? ಆಫೀಸಿಗೆ ಬಾ, ನಾಲ್ಕು ಜನದ ಮುಖ ನೋಡಿದ್ರೆ ಮನಸ್ಸು ಹಗುರಾಗತ್ತೆ" ಎಂದಿದ್ದೆ.

"ಮೌಲ್ವಿ ಸಾಹೇಬ್ರೂ ಅದನ್ನೇ ಹೇಳಿದ್ರು ರಮಾಕ್ಕ. ನೌಕರಿ ಇದ್ರೆ ಹಗಲು ಹೋಗಿ ಬರ್ಬಹುದು ಅಂತ. ನಾನೇ ಬೇಡ ಅಂದೆ." ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಇಷ್ಟು ವರ್ಷ ಬೆಳಿಗ್ಗೆ ಎದ್ದು ಬಸ್ ಹಿಡಿಯೋ ಗಡಿಬಿಡೀಲಿ ಅವ್ರ ಮುಖ ಸರಿಯಾಗಿ ನೋಡ್ತಾನೇ ಇರ್ಲಿಲ್ಲ. 'ಒಂದಿನ ಆದ್ರೂ ಮನೇಲಿರೇ' ಅಂತಿದ್ರು. ಈಗ ಇರ್ತೀನಿ. ಅವ್ರಿಗೋಸ್ಕರ ನಾನು ಮಾಡಕ್ಕಾಗೋದು ಇದೊಂದೇ."

ಕೊನೆಗೆ ಅವಳ ರಜೆ ಅರ್ಜಿಗೆ ಮೇಲಿನವರ ಸಹಿ ಹಾಕಿಸಿಕೊಂಡು ಬಂದವಳೂ ನಾನೇ. ದಿನಾ ಸಂಜೆ ನಾಲ್ಕಕ್ಕೆ ಆಫೀಸಿನಿಂದ ಅವಳಿಗೆ ಫೋನ್ ಮಾಡುತ್ತಿದ್ದೆ. ಯಾರ ವರ್ಗಾವಣೆ, ಯಾರ ಮಗಳ ಮದುವೆ, ಕ್ಯಾಂಟೀನಿನ ಕಾಫಿ ಎಷ್ಟು ಹಾಳಾಗಿದೆ, ಎಲ್ಲ ಹೇಳುತ್ತಿದ್ದೆ. ಅವಳು ಹೂಂಗುಟ್ಟುತ್ತಿದ್ದಳು, ಕೆಲವೊಮ್ಮೆ ಅಳುತ್ತಿದ್ದಳು. ನಾನೂ ರಿಸೀವರಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದೆ.

ಏಪ್ರಿಲ್ ನಡುವಿನಲ್ಲಿ ಆ ಫೋನು ಕೆಟ್ಟಿತು. ಗಲ್ಲಿಯಲ್ಲಿ ಚರಂಡಿ ಅಗೆಯುತ್ತಿದ್ದರು, ಯಾವ ಗುದ್ದಲಿ ಯಾವ ತಂತಿಗೆ ತಗುಲಿತೋ. ಅದು ಖಾಸಗಿ ಕಂಪನಿಯೊಂದರ ಲೈನು. ಸರ್ಕಾರಿ ಫೋನಿಗಿಂತ ಬೇಗ ರಿಪೇರಿ ಮಾಡಿಕೊಡುತ್ತಾರೆಂದು ವಾಜಿದ್ ಹಾಕಿಸಿದ್ದ. ಆಫೀಸಿನಿಂದ ನಾನೇ ದೂರು ಬರೆಸಿದೆ. ಕೆಲವು ದಿನದ ಮೇಲೆ ಕಂಬದ ಹತ್ತಿರದ ಪೆಟ್ಟಿಗೆಯಲ್ಲೇ ಏನೋ ಸರಿಮಾಡಿ ಹೋದರು, ಫೋನು ಮತ್ತೆ ಮಾತಾಡಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಮೇ ತಿಂಗಳ ಬಿಲ್ಲಿನಲ್ಲಿ ಬಾಡಿಗೆ, ಕರೆಗಳ ಜೊತೆಗೆ ಇನ್ನೊಂದು ಸಾಲು ಕೂತಿತ್ತು. ಏಪ್ರಿಲಿನ ಒಂದು ಬೆಳಿಗ್ಗೆ ಎಂಜಿನಿಯರ್ ಮನೆಗೆ ಬಂದದ್ದಕ್ಕೆ ಇನ್ನೂರೈವತ್ತು ರೂಪಾಯಿ. ಕಾರಣ: ಮನೆಗೆ ಬೀಗ ಹಾಕಿತ್ತು, ಒಳಗೆ ಯಾರೂ ಇರಲಿಲ್ಲ.

ಅದನ್ನು ಓದಿದವಳು ಫಹ್ಮಿದಾ ಆಗಿದ್ದರೆ ಹರಿದು ಬಿಸಾಡುತ್ತಿದ್ದಳೋ ಏನೋ. ಓದಿದವಳು ನಾಜಿಶ್, ವಾಜಿದ್‌ನ ತಂಗಿ. ಫ್ರೇಜರ್ ಟೌನಿನಿಂದ ಶುಕ್ರವಾರ ಶುಕ್ರವಾರ ತಾಯಿಯನ್ನು ನೋಡಲು ಬರುತ್ತಿದ್ದಳು. ಕೆಟ್ಟವಳೇನಲ್ಲ, ಆದರೆ ಬಾಯಿಗೆ ಬಂದದ್ದನ್ನು ಒಳಗೆ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಬಿಲ್ಲನ್ನು ಅಮ್ಮಿಯ ಎದುರೇ ಜೋರಾಗಿ ಓದಿ, ಅರ್ಥ ಹೇಳಿ, "ಭಾಬಿ, ಆವತ್ತು ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿಬಿಟ್ಟಳು.

ಫಹ್ಮಿದಾ ಎಲ್ಲಿಗೂ ಹೋಗಿಲ್ಲ ಎಂದಳು. ಹೊಸ್ತಿಲು ದಾಟಿಲ್ಲ ಎಂದಳು. ಬೆಳಗಿನ ಹೊತ್ತು ಅಮ್ಮಿಯೇ ಮಾರುಕಟ್ಟೆಗೆ ಹೋಗಿ ಸಾಮಾನು ತರುತ್ತಿದ್ದರು. ಅವರು ಹೊರಗೆ ಕಾಲಿಟ್ಟ ಮೇಲೆ ಸೊಸೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ವಾಡಿಕೆ. ಆದರೆ ಬಾಗಿಲಿನ ಬೀಗಕ್ಕೆ ಮನೆಯ ಮೂವರ ಹತ್ತಿರವೂ ಒಂದೊಂದು ಕೀ ಇತ್ತಲ್ಲ. 'ನಾನು ಮಾರ್ಕೆಟ್ಟಿನಲ್ಲಿದ್ದಾಗ ಇವಳು ಬೀಗ ಜಡಿದು ಎಲ್ಲೋ ಸುತ್ತಾಡಿಕೊಂಡು ಬಂದಿದ್ದಾಳೆ, ನನ್ನ ಮಗ ಮಣ್ಣಿಗೆ ಹೋಗಿ ಮೂರು ತಿಂಗಳಾಗಿಲ್ಲ' ಎಂದು ಆ ಮುದುಕಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅಂದಿನಿಂದ ಅಮ್ಮಿ ಸೊಸೆಯ ಜೊತೆ ಊಟಕ್ಕೆ ಕೂರಲಿಲ್ಲ. ಆ ಮನೆಯಲ್ಲಿ ನೆಲದ ಮೇಲೆ ಬಟ್ಟೆ ಹಾಸಿ, ನಡುವೆ ಪಾತ್ರೆಗಳಿಟ್ಟು, ಒಟ್ಟಿಗೆ ಕೂತು ಉಣ್ಣುತ್ತಿದ್ದರು. ನಾನೂ ಎಷ್ಟೋ ಸಲ ಸಸ್ಯಾಹಾರದ ಮೂಲೆಯಲ್ಲಿ ಕೂತು ಉಂಡಿದ್ದೇನೆ. ಈಗ ಅಮ್ಮಿ ತಟ್ಟೆಗೆ ತಾವೇ ಬಡಿಸಿಕೊಂಡು ಮುಂದಿನ ಕೋಣೆಯ ಮಂಚದ ಮೇಲೆ ಗೋಡೆ ಕಡೆ ತಿರುಗಿ ಕೂತು ತಿನ್ನುತ್ತಿದ್ದರಂತೆ. ಫಹ್ಮಿದಾ ಹಾಸಿದ ಬಟ್ಟೆಯ ಮುಂದೆ ಒಬ್ಬಳೇ.

"ಬೈದ್ರೆ ತಡ್ಕೋತೀನಿ ರಮಾಕ್ಕ," ಎಂದು ಫೋನಿನಲ್ಲಿ ಬಿಕ್ಕಿದಳು. "ಬೈಯೋದೂ ಇಲ್ಲ. ಅವ್ರ ಮಗ ಹೋದ, ನನ್ ಗಂಡ ಹೋದ್ರು. ಇಬ್ರಿಗೂ ಇರೋದು ನಾವಿಬ್ರೇ. ಆಫೀಸಿನವ್ರು ಏನು ಬೇಕಾದ್ರೂ ಅಂದ್ಕೊಳ್ಳಿ, ನಾಜಿಶ್ ಏನು ಬೇಕಾದ್ರೂ ಅಂದ್ಕೊಳ್ಳಿ. ಅಮ್ಮಿ ನನ್ನ ನಂಬ್ಬೇಕು. ಅಷ್ಟೇ ಸಾಕು ನಂಗೆ."

"ನಿಮ್ಮ ಅಮ್ಮಿ ಹಂಗ್ಯಾಕೆ ಮಾಡ್ತಾರೆ, ಮನೇಲೇ ಇದ್ದೆ ಅಂತ ನೀನು ಹೇಳ್ತಿಲ್ವಾ?"

"ಕಂಪನಿಯವ್ರು ಅಚ್ಚು ಹಾಕಿ ಕಳಿಸಿದಾರಲ್ಲ. ಸುಳ್ಳು ಯಾಕೆ ಅಚ್ಚು ಹಾಕ್ತಾರೆ ಅಂತಾರೆ."

ನನ್ನ ಪಿತ್ತ ನೆತ್ತಿಗೇರಿತು. ಅಚ್ಚು ಹಾಕಿದ ಸುಳ್ಳುಗಳ ಮಧ್ಯೆಯೇ ಬದುಕಿದವಳು ನಾನು. ರಿಪೇರಿಯವನು ಬಂದೇ ಇಲ್ಲ, ಟೀ ಅಂಗಡಿಯಲ್ಲಿ ಕೂತು 'ಬೀಗ ಹಾಕಿತ್ತು' ಎಂದು ಬರೆದು ಮನೆಗೆ ಹೋಗಿದ್ದಾನೆ, ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಇಡೀ ಬೆಂಗಳೂರಿನಲ್ಲಿ ಮನೆ ಬಿಟ್ಟು ಕದಲದ ಒಬ್ಬಳು ಹೆಂಗಸಿದ್ದರೆ ಅದು ಫಹ್ಮಿದಾ. ಅವಳ ಹೆಸರಿಗೇ 'ಮನೆಯಲ್ಲಿರಲಿಲ್ಲ' ಎಂದು ದಂಡ ಹಾಕುತ್ತಾರೆಂದರೆ! "ಆ ಮನುಷ್ಯನ್ನ ನಿಮ್ಮ ಅಮ್ಮಿ ಮುಂದೇನೇ ನಿಲ್ಲಿಸಿ ನಿಜ ಹೇಳಿಸ್ತೀನಿ. ನೋಡ್ತಿರು" ಎಂದು ಫೋನಿಟ್ಟೆ.

ಮೊದಲು ಫೋನಿನಲ್ಲೇ ಯುದ್ಧ. ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ, ಮತ್ತೆ ಒಂದು ಒತ್ತಿ. ಆ ಕಡೆಯ ಹುಡುಗಿ ಪ್ರತಿ ಸಲವೂ ನಿಮಗೆ ತೊಂದರೆಯಾದದ್ದಕ್ಕೆ ವಿಷಾದ ಎಂದಳು, ಪ್ರತಿ ಸಲವೂ ಚಾರ್ಜು ಸರಿಯಾಗಿಯೇ ಇದೆ ಎಂದಳು. ಆಮೇಲೆ ಅರ್ಧ ದಿನ ರಜೆ ಹಾಕಿ ದೊಮ್ಮಲೂರಿನ ಅವರ ಆಫೀಸಿಗೇ ಹೋದೆ. ಗಾಜಿನ ಬಾಗಿಲು, ಎಸಿ, ಕೂತರೆ ಒಳಗೆ ಹೂತುಹೋಗುವ ಸೋಫಾ. ದೂರು ನೋಡುವ ಅಧಿಕಾರಿ ಶ್ರೀಹರಿ ಎಂಬವರು ಕಂಪ್ಯೂಟರ್ ನೋಡಿ ತಲೆಯಾಡಿಸಿದರು.

"ನಮ್ಮ ಎಂಜಿನಿಯರ್ ವಿಸಿಟ್ ಮಾಡಿದಾರೆ ಮೇಡಂ. ಡೋರ್ ಲಾಕ್ ಇತ್ತು ಅಂತ ರಿಪೋರ್ಟ್ ಇದೆ."

"ಆ ಮನೆಯವ್ರು ಗಂಡ ಸತ್ತು ಇದ್ದತ್‌ನಲ್ಲಿದಾರೆ. ಬಾಗ್ಲಿಂದ ಆಚೆ ಕಾಲಿಟ್ಟಿಲ್ಲ. ಲಾಕ್ ಹೇಗೆ ಇರತ್ತೆ ಹೇಳಿ."

ಅವರ ಮುಖ ಮೆತ್ತಗಾಯಿತು. "ಸಾರಿ ಮೇಡಂ. ನಂಗೊತ್ತಿರ್ಲಿಲ್ಲ. ಒಂದು ಕೆಲ್ಸ ಮಾಡ್ತೀನಿ, ಈ ಸಲ ಚಾರ್ಜ್ ವೇವ್ ಮಾಡ್ಬಿಡ್ತೀನಿ. ಮುಂದಿನ ಬಿಲ್ಲಲ್ಲಿ ಕಳೀತಾರೆ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಕ್ಲೇಮ್ ವಿಭಾಗದ ಯಾರೇ ಆದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಆದರೆ ದುಡ್ಡು ಯಾರಿಗೆ ಬೇಕಿತ್ತು? ದುಡ್ಡು ಮನ್ನಾ ಆದರೆ ಅಮ್ಮಿ ಮಂಚದಿಂದ ಇಳಿದು ಬಂದು ಸೊಸೆಯ ಪಕ್ಕ ಕೂರುತ್ತಾರೆಯೇ? "ಮನ್ನಾ ಗಿನ್ನಾ ಬೇಡ. ಬಂದಿದ್ದೆ ಅಂತ ಬರೆದವನನ್ನ ಆ ಮನೆಗೆ ಕಳಿಸಿ. ಅವ್ರ ಅತ್ತೆ ಮುಂದೆ ಬಂದಿರ್ಲಿಲ್ಲ ಅಂತ ಒಪ್ಕೊಳ್ಳಲಿ" ಎಂದು ಪಟ್ಟು ಹಿಡಿದೆ. ಶ್ರೀಹರಿ ಬಹಳ ಹೊತ್ತು ನನ್ನನ್ನು ಒಪ್ಪಿಸಲು ನೋಡಿದರು. ಕೊನೆಗೆ, ನಾನು ಸೋಫಾದಿಂದ ಏಳುವ ಲಕ್ಷಣ ಕಾಣದಾಗ, ಭಾನುವಾರ ಕಳಿಸುತ್ತೇನೆಂದರು.

ಗೆದ್ದೆ ಎಂದುಕೊಂಡೇ ಮನೆಗೆ ಬಂದೆ. ಯಜಮಾನರಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಿದೆ.

ಭಾನುವಾರ ಬೆಳಿಗ್ಗೆ ಜೀವನ್ ಬಿಮಾ ನಗರದಿಂದ ಬಸ್ ಹಿಡಿದು ಶಿವಾಜಿನಗರದಲ್ಲಿಳಿದು, ಮಾರುಕಟ್ಟೆಯ ಜಂಗುಳಿ ದಾಟಿ ಗಲ್ಲಿಗೆ ಬಂದೆ. ಅಮ್ಮಿ ಬಾಗಿಲು ತೆಗೆದರು. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗೆ, ಬಿಳಿ ದುಪಟ್ಟಾ, ಕಿವಿಯಲ್ಲಿ ತೂತುಗಳಷ್ಟೇ. "ಆವ್ ಬೇಟಿ, ಬಾ, ಕೂತ್ಕೋ. ಚಾ ಕುಡೀತೀಯಾ?" ಎಂದರು. ಅಮ್ಮಿಯ ಕನ್ನಡ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಕಲಿತದ್ದು, ನನ್ನ ಕನ್ನಡಕ್ಕಿಂತ ಖಡಕ್ಕು. ಚಹಾ ಬಂತು, ಕುಡಿದೆ. ಲೋಟ ಕೆಳಗಿಟ್ಟ ಮೇಲೆ "ಚಾ ಕುಡೀತೀಯಾ ಬೇಟಿ?" ಎಂದು ಮತ್ತೆ ಕೇಳಿದರು. ಉಪಚಾರದಲ್ಲಿ ಅವರದ್ದು ಯಾವಾಗಲೂ ಒಂದು ಕೈ ಮೇಲೆ ಎಂದುಕೊಂಡು ನಕ್ಕೆ.

ಸೊಸೆಯ ಮಾತೆತ್ತಿದರೆ ಮಾತ್ರ ಅವರ ಮುಖ ಬಿಗಿಯುತ್ತಿತ್ತು. "ಅವಳು ಒಳ್ಳೇವ್ಳು. ಆದ್ರೆ ನನ್ ಮಗನ್ಗೆ ಇಷ್ಟು ದಿನ ಕೊಡಕ್ಕಾಗ್ಲಿಲ್ಲ ಅವಳ್ಗೆ," ಎಂದು ಕಣ್ಣು ಒರೆಸಿಕೊಂಡರು.

"ಆ ಫೋನಿನವ್ನು ಈಗ ಬರ್ತಾನಲ್ಲ ಅಮ್ಮಿ, ಅವನನ್ನೇ ಕೇಳಿ" ಎಂದೆ.

ಬಾಗಿಲು ಬಡಿದ ಸದ್ದಾದ ಕೂಡಲೇ ಫಹ್ಮಿದಾ ಒಳಕೋಣೆಗೆ ಸರಿದಳು. ನಡುವಿನ ಬಾಗಿಲಿಗೆ ಹೂವಿನ ಪರದೆ. ಅದರ ಕೆಳಗೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು.

ಬಂದವರು ನಲವತ್ತರ ಆಸುಪಾಸಿನ ಮನುಷ್ಯ, ಹೆಸರು ಮುನಿರಾಜಪ್ಪ. ಎಂಜಿನಿಯರ್ ಅನ್ನುವುದು ಬಿಲ್ಲಿನ ಭಾಷೆ. ಕಂಪನಿಗೆ ಗುತ್ತಿಗೆಯ ಮೇಲೆ ಲೈನ್ ರಿಪೇರಿ ಮಾಡುವವರು. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲ ಬಳಿಯೇ ನಿಂತರು. ರಜೆ ದಿನ ಕರೆಸಿದ್ದಕ್ಕೆ ಮುಖ ಗಂಟಿಕ್ಕಿತ್ತು.

ನಾನು ತಡಮಾಡಲಿಲ್ಲ. "ನೋಡಿ, ನಿಮ್ಮ ಕೆಲ್ಸಕ್ಕೆ ಕುತ್ತು ತರೋ ಉದ್ದೇಶ ನಂಗಿಲ್ಲ. ಆವತ್ತು ನೀವು ಈ ಮನೆಗೆ ಬಂದಿದ್ರಾ, ಇಲ್ಲಾ ಎಲ್ಲೋ ಕೂತು ಬೀಗ ಅಂತ ಬರೆದ್ರಾ? ಈ ಅಮ್ಮನ ಮುಂದೆ ಹೇಳಿ."

"ಎಲ್ಲೋ ಕೂತು ಬರಿಯೋದಾ?" ಅವರ ದನಿ ಏರಿತು. "ಕೆ.ಆರ್. ಪುರದಿಂದ ಇಲ್ಲಿಗೆ ಬರೋಷ್ಟರಲ್ಲಿ ಅರ್ಧ ಜೀವ ಹೋಗಿರತ್ತೆ ಮೇಡಂ. ಅಷ್ಟು ದೂರ ಬಂದು ಸುಳ್ಳು ಬರೆಯಕ್ಕೆ ನಂಗೇನು ಹುಚ್ಚಾ? ಇದೇ ಮನೆ. ಇದೇ ಹಸಿರು ಬಾಗ್ಲು. ಬೀಗ ಹಾಕಿತ್ತು."

ಪರದೆಯ ಕೆಳಗಿನ ಪಾದಗಳು ಅಲುಗಿದವು. ಅಮ್ಮಿ ನನ್ನ ಕಡೆ ನೋಡಿದರು, ಹೇಳಿರಲಿಲ್ಲವೇ ಎಂಬಂತೆ.

"ಒಳಗೆ ಮನುಷ್ಯರಿದ್ದಾಗ ಬೀಗ ಎಲ್ಲಿಂದ ಬರತ್ತೆ ರೀ?" ಎಂದು ನಾನೂ ದನಿ ಏರಿಸಿದೆ.

"ನಂಗೇನು ಗೊತ್ತು? ನಂಬಿಕೆ ಇಲ್ದಿದ್ರೆ ಈ ಅಮ್ಮನ್ನೇ ಕೇಳಿ." ಅವರು ಅಮ್ಮಿಯ ಕಡೆ ಕೈ ತೋರಿಸಿದರು. "ಅಮ್ಮ, ಮರ್ತ್ರಾ? ನಾನು ಬೀಗ ನೋಡಿ ವಾಪಸ್ ಹೊರಟಿದ್ದೆ. ನೀವು ಮಾರ್ಕೆಟ್ ಕಡೆಯಿಂದ ಚೀಲ ಹಿಡ್ಕೊಂಡು ಬಂದ್ರಿ. ಫೋನ್ ರಿಪೇರಿ, ಬಾಗ್ಲು ತೆಗೀರಿ ಅಂದೆ. ನೀವೇನಂದ್ರಿ?"

"ಏನಂದೆ?" ಎಂದರು ಅಮ್ಮಿ.

"ಈಗ ಮನೇಲಿ ಯಾರೂ ಇಲ್ಲ, ನಾನೇ ಬೀಗ ಹಾಕ್ಕೊಂಡು ಹೋಗಿದ್ದೆ ಅಂದ್ರಿ. ಸೊಸೆ ಆಫೀಸಿಗೆ ಹೋಗಿದಾಳೆ, ಮಗ ಅಂಗಡೀಲಿದಾನೆ, ಗಂಡಸರಿಲ್ದೆ ಒಳಗೆ ಬಿಡಲ್ಲ, ಸಂಜೆ ಬಾ ಅಂದ್ರಿ. ಸಂಜೆ ಮಗ ಇರ್ತಾನೆ ಅಂದ್ರಿ. ಅದಕ್ಕೇ ನಾನು ಬೀಗ, ಯಾರೂ ಇಲ್ಲ ಅಂತ ಬರ್ಕೊಂಡು ಹೋದೆ. ತಪ್ಪೇನು ಮೇಡಂ ಅದ್ರಲ್ಲಿ?"

ಹೊರಗೆ ಗಲ್ಲಿಯಲ್ಲಿ ಯಾರೋ ಬಾಳೆಹಣ್ಣು ಕೂಗಿಕೊಂಡು ಹೋದರು.

ಹೌದು, ಎಷ್ಟು ವರ್ಷಗಳಿಂದ ಆ ಮನೆಯ ಬೆಳಗು ಹಾಗೇ ಇತ್ತು. ಫಹ್ಮಿದಾ ಬಸ್ಸಿಗೆ ಓಡುವಳು, ವಾಜಿದ್ ಅಂಗಡಿಗೆ ಹೋಗುವನು, ಆಮೇಲೆ ಅಮ್ಮಿ ಖಾಲಿ ಮನೆಗೆ ಬೀಗ ಹಾಕಿ ಮಾರುಕಟ್ಟೆಗೆ ಹೋಗುವರು. ಏಪ್ರಿಲ್ ತಿಂಗಳ ಆ ದಿನವೂ ಹಾಗೆಯೇ ಹೋಗಿದ್ದಾರೆ. ಸೊಸೆ ಹಿಂದೆ ಅಡಿಗೆಮನೆಯಲ್ಲೋ ನಮಾಜಿನಲ್ಲೋ ಇದ್ದಾಗ ಹೇಳದೆ ಹೊರಟು, ಬೀಗ ಹಾಕಿ, ಬಂದು ತಾವೇ ತೆಗೆದಿದ್ದಾರೆ. ಆ ಒಂದು ಬೆಳಗು ಆ ತಾಯಿಯ ಪಾಲಿಗೆ ಮಗ ಅಂಗಡಿಯಲ್ಲಿ ಕೂತು ಗುಂಡಿ ಮಾರುತ್ತಿದ್ದ. ಸಂಜೆ ಮನೆಗೆ ಬರುವವನಿದ್ದ.

"ನಾನು?" ಅಮ್ಮಿ ಮೆಲ್ಲಗೆ ಕೇಳಿದರು. ನೆಟ್ಟಗಿದ್ದ ಬೆನ್ನು ಕುಸಿದಿತ್ತು. "ಮಗ ಅಂಗಡೀಲಿದಾನೆ ಅಂತ ನಾನು ಹೇಳಿದ್ನಾ?" ಮುನಿರಾಜಪ್ಪನವರನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕೈ ಮಂಚದ ಹಾಸಿಗೆಯನ್ನು ಸವರುತ್ತಲೇ ಇತ್ತು, ಅಲ್ಲಿ ಏನೋ ಕಳೆದುಹೋಗಿದೆಯೇನೋ ಎಂಬಂತೆ. "ನಂಗೆ ನೆನಪಿಲ್ಲ ಬೇಟಿ. ನಾನು ಯಾಕೆ ಹಂಗಂತೀನಿ? ವಾಜಿದ್... ನಂಗೆ ಗೊತ್ತಲ್ವಾ? ನಾನೇ ಅಲ್ವಾ ಅವನ ಮುಖ ಮುಚ್ಚಿದ್ದು?"

ಅಂಥ ಭಯವನ್ನು ನಾನು ಯಾರ ಕಣ್ಣಿನಲ್ಲೂ ನೋಡಿರಲಿಲ್ಲ. ಸಾವಿನ ಭಯವಲ್ಲ ಅದು. ತನ್ನ ತಲೆಯನ್ನೇ ತಾನು ನಂಬಲಾರದ ಭಯ. ಅವರ ಬಾಯಿ ಅರ್ಧ ತೆರೆದೇ ಇತ್ತು.

ಆಗ ಪರದೆಯ ಹಿಂದಿನಿಂದ ದನಿ ಬಂತು.

"ಇಲ್ಲ ಅಮ್ಮಿ. ಅವ್ರಿಗೆ ಯಾವ್ದೋ ಬೇರೆ ಮನೆ ನೆನಪಿರ್ಬೇಕು. ನೀವು ಹಂಗೆ ಹೇಳೇ ಇಲ್ಲ. ಆವತ್ತು ಬೀಗ ಹಾಕಿದ್ದು ನಾನು."

ಅವಳು ಅಮ್ಮಿಯ ಜೊತೆ ಎಂದೂ ಕನ್ನಡದಲ್ಲಿ ಮಾತಾಡುವವಳಲ್ಲ. ಅವರಿಬ್ಬರದೂ ದಖ್ನಿ ಉರ್ದು, ಕೇಳಿ ಕೇಳಿ ನನಗೂ ಅರ್ಥವಾಗುವಂಥದ್ದು. ನಮ್ಮೆಲ್ಲರಿಗೂ ಅರ್ಥವಾಗಲಿ, ಯಾರೂ ಅಡ್ಡ ಬಾಯಿ ಹಾಕದಿರಲಿ ಎಂದೇ ಕನ್ನಡದಲ್ಲಿ ಹೇಳಿದಳು.

"ನೀನಾ?" ಎಂದರು ಅಮ್ಮಿ.

"ಹೌ ಅಮ್ಮಿ. ನೀವು ಮಾರ್ಕೆಟ್ಟಿಗೆ ಹೋಗಿದ್ರಿ. ನಂಗೆ ಅವ್ರ ಅಂಗಡಿ ನೋಡ್ಬೇಕು ಅನ್ನಿಸ್ತು. ತಡ್ಯಕ್ಕಾಗ್ಲಿಲ್ಲ. ಹೋಗಿ ಮುಚ್ಚಿದ ಶಟರ್ ಮುಂದೆ ಸ್ವಲ್ಪ ಹೊತ್ತು ನಿಂತು ಬಂದ್ಬಿಟ್ಟೆ. ನಿಮ್ಗೆ ಸುಳ್ಳು ಹೇಳ್ದೆ. ತಪ್ಪಾಯ್ತು."

ಮುನಿರಾಜಪ್ಪನವರು "ಅಲ್ಲಮ್ಮಾ, ನಾನು ಕಣ್ಣಾರೆ..." ಎಂದು ಶುರುಮಾಡಿದರು. ನಾನು ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡೇ ಬಂದೆ. ಪರ ಗಂಡಸಿನ ತೋಳು ಹಿಡಿದದ್ದು ಅದೇ ಮೊದಲು.

ಗಲ್ಲಿಯಲ್ಲಿ ಅವರು ಕೈ ಬಿಡಿಸಿಕೊಂಡರು. "ನಾನು ಸುಳ್ಳು ಹೇಳ್ಲಿಲ್ಲ ಮೇಡಂ. ಇದೇ ಅಮ್ಮ. ನನ್ ಮಕ್ಕಳಾಣೆ."

"ಗೊತ್ತು."

"ಮತ್ತೆ ಆ ಮಗ? ಅವ್ರನ್ನ ಕೇಳಿದ್ರಾಗತ್ತಲ್ಲ."

"ಅವ್ನು ಹೋಗಿ ಮೂರು ತಿಂಗಳಾಯ್ತು ಮುನಿರಾಜಪ್ಪ. ನೀವು ಬರೋಕ್ಕೆ ಮುಂಚೇನೇ ಹೋಗಿದ್ದ."

ಅವರು ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆಯುತ್ತ ನಿಂತರು. ಆಮೇಲೆ, "ನಮ್ಮಮ್ಮಂಗೂ ಕೊನೆಗೆ ಹಿಂಗೇ ಆಗಿತ್ತು," ಎಂದರು. "ಆಫೀಸಲ್ಲಿ ನನ್ ತಪ್ಪು ಅಂತ ಒಪ್ಕೊಂಡ್ಬಿಡ್ತೀನಿ ಮೇಡಂ. ಬೇರೆ ಮನೆಗೆ ಹೋಗಿದ್ದೆ ಅಂತೀನಿ. ಚಾರ್ಜ್ ತೆಗೀತಾರೆ."

"ಬೇಡಪ್ಪಾ. ತೆಗೆದ್ರೆ ಈ ಅಮ್ಮನ ಮಗಳು ನಾಜಿಶ್ ಮುಂದಿನ ಬಿಲ್ ಓದ್ತಾಳೆ, ಮತ್ತೆ ಪ್ರಶ್ನೆ ಏಳತ್ತೆ. ಮನೆಗೆ ಬೀಗ ಇತ್ತು, ಮನೆಯವ್ರು ಒಪ್ಪಿದಾರೆ ಅಂತ ಹೇಳಿ ನಿಮ್ಮ ಶ್ರೀಹರಿಯವ್ರಿಗೆ."

ನಾನು ಆ ಮಾತು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಎಷ್ಟು ಜನರ ಅರ್ಜಿಯ ಮೇಲೆ 'ಅರ್ಜಿದಾರರು ಒಪ್ಪಿದ್ದಾರೆ' ಎಂದು ಬರೆದು ಕೈತೊಳೆದುಕೊಂಡಿದ್ದೆನೋ. ಅವರು ಸ್ಕೂಟರ್ ಹತ್ತಿ ಹೋದರು. ಗಲ್ಲಿಯ ತಿರುವಿನವರೆಗೂ ನೋಡುತ್ತ ನಿಂತೆ, ಒಳಗೆ ಹೋಗುವ ಧೈರ್ಯ ಬರಲಿಲ್ಲ. ದೊಮ್ಮಲೂರಿನ ಆ ಸೋಫಾದಿಂದ ಸುಮ್ಮನೆ ಎದ್ದುಬಂದಿದ್ದರೆ ಇವತ್ತು ಅವಳು ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿರಲಿಲ್ಲ. 'ನನ್ನನ್ನು ಅಮ್ಮಿ ನಂಬಿದರೆ ಸಾಕು' ಎಂದವಳು, ಆ ನಂಬಿಕೆಯನ್ನು ತನ್ನ ಕೈಯಾರೆ ಕಿತ್ತು ಮುದುಕಿಗೆ ಆಸರೆಗೆ ಕೊಟ್ಟಿದ್ದಳು.

ಕೊನೆಗೆ ಒಳಗೆ ಹೋದಾಗ ಅಮ್ಮಿ ಬೈಯುತ್ತಿದ್ದರು. ದಖ್ನಿಯಲ್ಲಿ, ಏರುದನಿಯಲ್ಲಿ, ನಡುನಡುವೆ ಅಳುತ್ತ. ನನ್ನ ಮಗನಿಗೆ ಇದೊಂದು ಕೊಡಲಾಗಲಿಲ್ಲವೇ, ನನಗೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದೆಯಲ್ಲೇ ಎಂದು. ಫಹ್ಮಿದಾ ಅವರ ಕಾಲ ಬಳಿ ನೆಲದ ಮೇಲೆ ಕೂತಿದ್ದಳು, ತಲೆ ಬಗ್ಗಿಸಿ. ಬೈಯುತ್ತಿದ್ದ ಅಮ್ಮಿಯ ಬೆನ್ನು ಮತ್ತೆ ನೆಟ್ಟಗಾಗಿತ್ತು, ದನಿಯಲ್ಲಿ ಹಳೆಯ ಖಡಕ್ಕು ಬಂದಿತ್ತು. ತಾನು ಹೇಳಿದ್ದೇ ಸರಿ, ತನ್ನ ತಲೆ ಸರಿಯಾಗಿದೆ ಎಂಬ ನೆಮ್ಮದಿ ಆ ಮುಖದ ತುಂಬ ಇತ್ತು. ಫಹ್ಮಿದಾ ಒಮ್ಮೆ ನನ್ನತ್ತ ನೋಡಿದಳು. ಬಾಯಿ ಬಿಟ್ಟರೆ ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದು ಆ ನೋಟ ಹೇಳಿತು. ನಾನು ಗೋಡೆಗೆ ಒರಗಿ ಕೂತೆ.

ಬೈದು ಬೈದು ಅಮ್ಮಿಗೆ ಸುಸ್ತಾಯಿತು. ಆಮೇಲೆ ತಾವೇ ಎದ್ದು ಒಳಗೆ ಹೋದರು. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದಾಯಿತು. ಊಟದ ಬಟ್ಟೆ ತಂದು ನೆಲಕ್ಕೆ ಹಾಸಿ, ಅನ್ನ, ಬೇಳೆ, ಬದನೆಕಾಯಿ ತಂದಿಟ್ಟರು. ನನ್ನನ್ನೂ ಕರೆದರು. ಫಹ್ಮಿದಾಳ ಕೈ ಹಿಡಿದು ಎಳೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು, ಮಂಡಿಗೆ ಮಂಡಿ ತಾಗುವಂತೆ. ಅವಳು ಅನ್ನ ಮುಟ್ಟದೆ ಕೂತಿದ್ದನ್ನು ನೋಡಿ ತಾವೇ ತುತ್ತು ಕಲಸಿ ಅವಳ ಬಾಯಿಗೆ ಇಟ್ಟರು. ಅವಳ ಕಣ್ಣೀರು ಗಲ್ಲದಿಂದ ತಟ್ಟೆಗೆ ಬೀಳುತ್ತಿತ್ತು.

ಅಮ್ಮಿ ದುಪಟ್ಟಾದ ತುದಿಯಿಂದ ಅದನ್ನು ಒರೆಸಿದರು. ಸೊಸೆಯ ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವರಂತೆ, ದಖ್ನಿಯಲ್ಲಿ ಮೆಲ್ಲಗೆ, ಆದರೆ ನನಗೂ ಕೇಳುವಂತೆ, "ಸಾಕು, ಅಳಬೇಡ" ಎಂದರು. "ಆದದ್ದು ಆಯ್ತು. ವಾಜಿದ್ ಬಂದ್ರೆ ನಾನು ಹೇಳಲ್ಲ."

ಫಹ್ಮಿದಾ ಬಾಯಲ್ಲಿದ್ದ ತುತ್ತನ್ನು ನುಂಗಿದಳು.

"ಹೌ ಅಮ್ಮಿ," ಎಂದಳು. "ಹೇಳ್ಬೇಡಿ."